ಫ್ಯೋರ್ಡಿನಲ್ಲಿ ಸಿಕ್ಕ ನಮ್ಮ ಕಡೆಯವರು

ನಾನು ಒಬ್ಬನೇ ಎಲ್ಲಿಗೆ ಹೋದರೂ ಇಂಥವು ಆಗುತ್ತಲೇ ಇರುತ್ತವೆ. ಒಬ್ಬನೇ ಯಾಕೆ ಹೋದೆ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನಾನಿರುವುದು ದುಬೈನ ಮಿರ್ದಿಫ್‌ನಲ್ಲಿ. ಹೆಂಡತಿ ಮದೀನತ್ ಜಾಯೆದ್‌ನ ಆಸ್ಪತ್ರೆಯಲ್ಲಿ ನರ್ಸ್. ಒಂದೇ ದೇಶ, ಆದರೆ ನಡುವೆ ಗಂಟೆಗಟ್ಟಲೆಯ ಮರಳುಗಾಡು. ವಾರಕ್ಕೊಮ್ಮೆ ಭೇಟಿ. ಮದುವೆಯ ಬೆಳ್ಳಿಹಬ್ಬಕ್ಕೆಂದು ನಾರ್ವೆಯ ಉತ್ತರ ತುದಿಗೆ ಹೋಗುವ ಹಡಗಿನಲ್ಲಿ ಇಬ್ಬರ ಕ್ಯಾಬಿನ್ ಹಿಡಿದಿದ್ದೆವು, ಫ್ಯೋರ್ಡ್ ನೋಡಲು. ಫ್ಯೋರ್ಡ್ ಎಂದರೆ ಕಡಿದಾದ ಬೆಟ್ಟಗಳ ನಡುವೆ ಒಳನುಗ್ಗಿದ ಸಮುದ್ರ.

ಹೊರಡುವ ವಾರ ಅವಳ ರಜೆ ರದ್ದಾಯಿತು. "ನೀವರ ಹೋಗಿ ಬರ್ರಿ. ಆದ್ರ ಯಾರ ಜೋಡಿಯರ ಮಾತಾಡ್ಕೋತ ಇರ್ರಿ. ನೀವು ಒಬ್ಬರ ಕುಂತೀರಿ ಅಂದ್ರ ನನಗ ಡ್ಯೂಟಿ ಮಾಡಾಕ ಆಗೂದಿಲ್ಲ" ಎಂದಳು. ಮಾತು ಕೊಟ್ಟೆ.

ಏಸಿ

ಹಡಗಿನ ಮೊದಲ ರಾತ್ರಿ ಮಲಗಿದರೆ ನಿದ್ದೆ ಬರಲಿಲ್ಲ. ಗಲ್ಫ್‌ನಲ್ಲಿ ಬಹಳ ವರ್ಷ ಇದ್ದವರಿಗೆ ಏಸಿಯ ಗುಂಯ್ ಸದ್ದಿಲ್ಲದೆ ಕಣ್ಣು ಮುಚ್ಚುವುದಿಲ್ಲ. ಒಂಟಿ ಕೋಣೆಯಲ್ಲಿ ಅದೇ ನಮಗೆ ಜೊತೆ. ಕ್ಯಾಬಿನ್ ನೋಡಿಕೊಳ್ಳುವ ನೇಪಾಳದವರನ್ನು ಏಸಿ ಹಾಕಿಕೊಡಿ ಎಂದು ಕೇಳಿದೆ. ಹೊರಗೆ ಹಿಮವಿದೆ, ಕಿಟಕಿ ತೆರೆದರೆ ಸಾಕು ಎಂದರು. ತಂಪಿಗಲ್ಲ, ಸದ್ದಿಗೆ ಎಂದು ವಿವರಿಸಿದೆ. ಅವರು ಸ್ವಲ್ಪ ಯೋಚಿಸಿ ಬಚ್ಚಲಿನ ಹೇರ್ ಡ್ರೈಯರ್ ತೋರಿಸಿದರು. ಇಡೀ ಹಡಗಿನಲ್ಲಿ ಅದನ್ನು ಅತಿ ಹೆಚ್ಚು ಬಳಸಿದವನು ತಲೆಯಲ್ಲಿ ಕೂದಲಿಲ್ಲದ ನಾನೇ.

ಕುರ್ಚಿ

ಊಟದ ಮೇಜೂ ಇಬ್ಬರದೇ. ಪಕ್ಕದ ಮೇಜಿನಿಂದ ಒಬ್ಬ ಬಿಳಿಯ ಅಜ್ಜ ಬಂದು, ಎದುರಿನ ಕುರ್ಚಿಗೆ ಯಾರಾದರೂ ಬರುವವರಿದ್ದಾರಾ ಎಂದು ಕೇಳಿದರು. ಅಂತೂ ಮಾತಾಡಲು ಜನ ಸಿಕ್ಕರು ಎಂದು ಎಲ್ಲವನ್ನೂ ಹೇಳಿದೆ: ಹೆಂಡತಿ, ಆಸ್ಪತ್ರೆ, ರಜೆ, ಅಲ್ಲಿಯ ಸೆಖೆ, ಬೆಳ್ಳಿಹಬ್ಬ. ನನ್ನ ಸೂಪ್ ಆರಿತು, ಅವರದೂ ಆರಿರಬೇಕು. ಅಜ್ಜ ಭುಜ ತಟ್ಟಿ, "ಹಾಗಾದರೆ ಕುರ್ಚಿ ತೆಗೆದುಕೊಂಡು ಹೋಗಲಾ?" ಎಂದರು.

ಊಟದ ಕರೆ

ಫ್ಯೋರ್ಡ್ ಬಂತು. ಎರಡೂ ಕಡೆ ಹಿಮ ಹೊತ್ತ ಕರಿಬಂಡೆ, ನಡುವೆ ಅಲುಗಾಡದ ನೀರು. ಹಡಗು ಬಂಡೆಯ ಹತ್ತಿರ ಸದ್ದು ತಗ್ಗಿಸಿ ನಿಂತಿತು. ಎಲ್ಲರೂ ಜೋಡಿ ಜೋಡಿಯಾಗಿ ಫೋಟೊ ತೆಗೆಸಿಕೊಳ್ಳುತ್ತಿದ್ದರು. ನಾನು ಹೆಂಡತಿಗೆ ವಿಡಿಯೊ ಕಾಲ್ ಮಾಡಿ ಬೆಟ್ಟದ ಕಡೆ ಹಿಡಿದೆ. ಫೋನಿನಲ್ಲಿ ಕಿರುಚುವುದು ನಮ್ಮ ಗಲ್ಫ್ ಜನರ ಅಭ್ಯಾಸ, ಊರಿನ ಲೈನ್ ಸರಿಯಾಗಿ ಸಿಗದ ಕಾಲದ್ದು.

"ಕಾಣಸ್ತದೇನು?" ಎಂದು ಕಿರುಚಿದೆ.

"ಕಾಣಸ್ತದೇನು?" ಎಂದಿತು ಎದುರಿನ ಬಂಡೆ.

"ಅಯ್ಯ, ಅಲ್ಲಿ ನಮ್ಮ ಕಡೆಯವ್ರು ಒಬ್ಬರು ಅದಾರಲ್ರೀ" ಎಂದಳು ಹೆಂಡತಿ. ವಾರದಿಂದ ಅವಳ ದನಿಯಲ್ಲಿದ್ದ ಭಾರ ಒಮ್ಮೆಗೇ ಇಳಿದಿತ್ತು. ಎಲ್ಲವನ್ನೂ ವಿವರಿಸುವ ನನಗೆ ಆಗ ಮಾತ್ರ ವಿವರಿಸಲು ಬಾಯಿ ಬರಲಿಲ್ಲ.

"ಪಾಪ, ಅವ್ರೂ ಒಬ್ಬರ ಬಂದಿರಬೇಕು. ಊಟಕ್ಕ ಕರೀರಿ."

ಬಂಡೆಯ ಕಡೆ ತಿರುಗಿ, "ಊಟಕ್ಕ ಬರ್ರಿ" ಎಂದು ಕೂಗಿದೆ.

"ಊಟಕ್ಕ ಬರ್ರಿ" ಎಂದಿತು ಬಂಡೆ.

"ನೋಡ್ರಿ, ನೀವು ಕರದ್ರ ಅವ್ರ ನಿಮ್ಮನ್ನ ಕರೀತಾರ" ಎಂದಳು, ಸಮಾಧಾನದಿಂದ. "ಹೋಗ್ರಿ, ಒಲ್ಲೆ ಅನಬ್ಯಾಡ್ರಿ."