ನಮ್ಮ ಅಟ್ಟದ ರಂಪಣಿ

ಹಳೇ ಸಾಮಾನು ಖಾಲಿ ಮಾಡುವ ಮಾತು ಎತ್ತಿದರೆ ಸಾಕು, ಯಾವ ಮನೆಯಲ್ಲೂ ಧೂಳಿಗಿಂತ ಮೊದಲು ಸಂಶಯ ಏಳುತ್ತದೆ. ನಮ್ಮದು ಮಂಗಳೂರಿನ ಕಡಲ ಬದಿಯ ಕೇರಿ, ಎಲ್ಲ ಮೀನುಗಾರರ ಮನೆಗಳು. ಅಲ್ಲಿ ಸ್ವಲ್ಪ ಜಾಸ್ತಿಯೇ ಏಳುತ್ತದೆ. ನಾನು ಅಲ್ಲೇ ಹತ್ತಿರದ ಕನ್ನಡ ಶಾಲೆಯಲ್ಲಿ ಟೀಚರಾಗಿದ್ದೆ. ಮನೆಯಲ್ಲಿ ನಾವು ಮಾತಾಡುವುದು ತುಳು. ಬೈಗುಳ ಬಿಟ್ಟು ಉಳಿದದ್ದನ್ನು ಕನ್ನಡಕ್ಕೆ ತಂದು ಹೇಳುತ್ತೇನೆ.

ಬಿರುಕು ಬಿಟ್ಟ ತೊಲೆ

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ನಮ್ಮ ಅಟ್ಟದಲ್ಲಿ ಇಲ್ಲದ ಸಾಮಾನು ಇರಲಿಲ್ಲ. ಗಾಜು ಒಡೆದ ಲಾಟೀನು, ಮುಚ್ಚಳವಿಲ್ಲದ ಬೊಂಬಾಯಿ ಟ್ರಂಕು, ಒಂದು ಕಾಲು ಹೋದ ಸ್ಟೂಲು, ಎಲ್ಲ ನನ್ನ ಮಾವನದ್ದು. ಇವುಗಳ ನಡುವೆ ಯಜಮಾನನ ಹಾಗೆ ಒಂದು ದೊಡ್ಡ ಗೋಣಿ ಕೂತಿತ್ತು. ಅದರೊಳಗೆ ರಂಪಣಿ ಬಲೆಯ ನಮ್ಮ ಮನೆಯ ತುಂಡು. ಆ ಭಾರಕ್ಕೆ ಅಟ್ಟದ ತೊಲೆ ಬಿರುಕು ಬಿಟ್ಟಿತ್ತು. ತೊಲೆಯ ನೇರ ಕೆಳಗೆ ನನ್ನ ಇಬ್ಬರು ಮಕ್ಕಳು ಮಲಗುವ ಚಾಪೆ.

ರಂಪಣಿ ಅಂದರೆ ಇಡೀ ಕೇರಿಯೇ ದಡದಲ್ಲಿ ನಿಂತು ಎಳೆಯುವ ಬಲೆ. ಒಂದೊಂದು ಮನೆಯದ್ದು ಒಂದೊಂದು ತುಂಡು. ಎಲ್ಲ ತುಂಡು ಜೋಡಿಸಿದರೆ ಒಂದು ಬಲೆ. ಬಲೆಗೆ ಬಿದ್ದದ್ದರಲ್ಲಿ ತುಂಡು ಕೊಟ್ಟವರಿಗೆಲ್ಲ ಪಾಲು. ಯಂತ್ರದ ಪರ್ಸಿನ್ ಬೋಟುಗಳು ಬಂದು ಮೀನನ್ನು ನಡುಕಡಲಲ್ಲೇ ಬಾಚಲು ಶುರು ಮಾಡಿದ ಮೇಲೆ ಬಂಗುಡೆ ಮೀನು ದಡಕ್ಕೆ ಬರುವುದೇ ನಿಂತಿತು. ರಂಪಣಿಯನ್ನು ಬಿಚ್ಚಿ ಅವರವರ ತುಂಡನ್ನು ಅವರವರ ಅಟ್ಟಕ್ಕೆ ಏರಿಸಿದರು. ಕೇರಿಯ ಹಿರಿಯರಾದ ಗುರಿಕಾರರು ಆವತ್ತು ಒಂದು ಮಾತು ಹೇಳಿಬಿಟ್ಟರು: “ಜಾಗ್ರತೆ ಇಟ್ಟುಕೊಳ್ಳಿ. ಮುಂದೆ ಎಳೆಯುವಾಗ ತುಂಡು ಇಲ್ಲದವನಿಗೆ ಪಾಲೂ ಇಲ್ಲ.”

ಆ ಮಾತಿನಿಂದಲೇ ನನ್ನ ತಲೆನೋವು ಶುರುವಾದದ್ದು.

“ಮಾವ, ಆ ಬಲೆ ಯಾರಿಗಾದರೂ ಕೊಟ್ಟುಬಿಡುವ. ತೊಲೆ ಮುರಿದು ಮಕ್ಕಳ ಮೇಲೆ ಬಿದ್ದರೆ?”

“ಮಕ್ಕಳನ್ನು ಆಚೆ ಮಲಗಿಸು.”

“ಆಚೆ ಜಾಗ ಎಲ್ಲುಂಟು? ಆಚೆ ನೀವು ಮಲಗ್ತೀರಿ.”

“ಅದರ ಒಂದೊಂದು ಗಂಟೂ ನಾನು ಹಾಕಿದ್ದು. ನಾಳೆ ರಂಪಣಿ ಎಳೆದರೆ ನಾನು ಕೈಬೀಸಿಕೊಂಡು ಹೋಗಬೇಕಾ?”

“ಯಾರು ಎಳೆಯುವುದು ಮಾವ ಇನ್ನು?”

ಮಾವ ಸ್ವರ ತಗ್ಗಿಸಿದರು. “ಪಕ್ಕದ ಮನೆಯವರು ಇನ್ನೂ ಇಟ್ಟುಕೊಂಡಿದ್ದಾರೆ. ಸುಮ್ಮನೆ ಇಡುವ ಜನವಾ ಅದು? ಅವರಿಗೆ ಎಂತದೋ ಗೊತ್ತುಂಟು.”

ಪಕ್ಕದ ಮನೆಯ ಅಕ್ಕನನ್ನು ಹೋಗಿ ಕೇಳಿದೆ. “ನಮಗೆಂತ ಗೊತ್ತುಂಟು ಮಾರಾಯ್ತಿ! ನಿನ್ನ ಮಾವ ಇಟ್ಟಿದ್ದಾರೆ, ಅವರಿಗೆ ಎಂತದೋ ಗೊತ್ತುಂಟು ಅಂತ ನಮ್ಮವರು ಇಟ್ಟದ್ದು!”

ಅಂಗಳದಲ್ಲಿ ಬಲೆ

ಒಂದು ಬೆಳಿಗ್ಗೆ ಆ ಅಕ್ಕ ತಮ್ಮ ತುಂಡನ್ನು ಅಂಗಳದಲ್ಲಿ ಬಿಸಿಲಿಗೆ ಹರಡಿದರು. ಹಲ್ಲುಜ್ಜುತ್ತಿದ್ದ ಮಾವ ಬಾಯಲ್ಲಿ ಹಲ್ಲುಪುಡಿ ಇಟ್ಟುಕೊಂಡೇ ಒಳಗೆ ಓಡಿ ಬಂದರು.

“ಹೊರಟರು! ನಮ್ಮನ್ನು ಬಿಟ್ಟು ಹೊರಟರು!”

ಐಸ್ ಪ್ಲಾಂಟಿನ ಕೆಲಸಕ್ಕೆ ಹೊರಟಿದ್ದ ನನ್ನ ಗಂಡನನ್ನು ತಡೆದು, ಗೋಣಿ ಇಳಿಸಿ, ನಮ್ಮ ತುಂಡನ್ನೂ ಬಿಸಿಲಿಗೆ ಹಾಕಿಸಿದರು. ಅದನ್ನು ಎದುರು ಮನೆಯವರು ನೋಡಿದರು. ಅವರದ್ದನ್ನು ಅವರಾಚೆಯವರು ನೋಡಿದರು. ಮಧ್ಯಾಹ್ನದೊಳಗೆ ಕೇರಿಯಲ್ಲಿ ಕಾಲಿಡಲು ಜಾಗ ಇರಲಿಲ್ಲ. ಊಟಕ್ಕೆ ಬಂದ ನಾನು ಸೀರೆಯ ನೆರಿಗೆ ಎತ್ತಿಕೊಂಡು ಬಲೆ ದಾಟಿ ದಾಟಿ ಮನೆ ಸೇರಿದೆ.

ಸಂಜೆ ಗುರಿಕಾರರು ಏದುಸಿರು ಬಿಡುತ್ತಾ ಬಂದರು. “ನನ್ನಲ್ಲಿ ಒಂದು ಮಾತು ಕೇಳದೆ ರಂಪಣಿ ಇಳಿಸುವ ಧೈರ್ಯ ಯಾರಿಗೆ ಬಂತು?” ಕೇಳಿದ್ದೇನೋ ಗತ್ತಿನಲ್ಲೇ. ಆದರೆ ಅವರ ಅಂಗಿಯೂ ಹಳೇ ಬಲೆಯ ವಾಸನೆ ಹೊಡೆಯುತ್ತಿತ್ತು.

ಎಲ್ಲರೂ ಪಕ್ಕದ ಮನೆಯ ಅಕ್ಕನ ಕಡೆ ಕೈ ತೋರಿಸಿದರು. ಅಕ್ಕ ಕಣ್ಣು ಬಾಯಿ ಬಿಟ್ಟರು. “ಎಂತ ರಂಪಣಿ? ಬೆಕ್ಕು ಅದರ ಮೇಲೆ ಮರಿ ಹಾಕಿದೆ. ಗಲೀಜು ಆಯ್ತು ಅಂತ ತೊಳೆದು ಒಣಗಿಸಿದ್ದು!”

ಎಲ್ಲರೂ ನಗುತ್ತಾ ಬಲೆ ಮಡಚಿದರು, ಮಾವ ಒಬ್ಬರನ್ನು ಬಿಟ್ಟು. ಊಟಕ್ಕೆ ಕೂತಾಗ ಗಂಜಿಯ ಬಟ್ಟಲು ಪಕ್ಕಕ್ಕಿಟ್ಟು ನನ್ನನ್ನು ಕೇಳಿದರು: “ಮರಿ ಹಾಕಿದೆಯಂತೆ. ಮರಿಯನ್ನು ನೀನು ನಿನ್ನ ಕಣ್ಣಲ್ಲಿ ನೋಡಿದೆಯಾ?”

ತವರಿನ ಅಕ್ಕಿ

ಮಳೆಗಾಲ ಕಳೆದ ಮೇಲೆ ಪೇಟೆಯಾಚೆಯ ವಾಮಂಜೂರಿನವನೊಬ್ಬ ಬಂದ. ನನಗೆ ರಜೆಯ ದಿನ. ಮಾವ ದೋಣಿಯ ಚಪ್ಪರದ ಕೆಳಗೆ ಇಸ್ಪೀಟು ಆಡಲು ಹೋಗಿದ್ದರು. ಗದ್ದೆಯ ಬದಿಯಲ್ಲಿ ತೊಂಡೆಕಾಯಿ ಮಾಡ್ತೇನೆ, ಚಪ್ಪರಕ್ಕೆ ಹಾಸಲು ಹಳೇ ಬಲೆ ಇದ್ದರೆ ಕೊಡಿ, ಬದಲಿಗೆ ಅರ್ಧ ಮುಡಿ, ಇಪ್ಪತ್ತು ಕಿಲೋದಷ್ಟು, ಕುಚ್ಚಲಕ್ಕಿ ಕೊಡ್ತೇನೆ ಅಂದ.

ನನಗೆ ಮೊದಲು ಸಂಶಯವೇ ಬಂತು. ಹರಕು ಬಲೆಗೆ ಅರ್ಧ ಮುಡಿ ಅಕ್ಕಿ ಕೊಡುವವನ ತಲೆ ಸರಿ ಉಂಟಾ?

“ನಮ್ಮಲ್ಲಿ ಬಲೆ ಉಂಟು ಅಂತ ನಿಮಗೆ ಯಾರು ಹೇಳಿದ್ದು?”

“ಯಾರೂ ಇಲ್ಲ ಅಮ್ಮಾ. ಮುಖ ನೋಡಿದಾಗ ಗೊತ್ತಾಯ್ತು. ಆದರೆ ಒಂದು, ಯಾರಿಗೂ ಹೇಳಬೇಡಿ. ಗೊತ್ತಾದರೆ ಎಲ್ಲರೂ ಕೊಡ್ಲಿಕ್ಕೆ ಬರ್ತಾರೆ. ನನಗೆ ಬೇಕಾದದ್ದು ಒಂದೇ.”

ಮೇಲೆ ನೋಡಿದೆ, ತೊಲೆಯ ಬಿರುಕಿನಲ್ಲಿ ಈಗ ಬೆರಳು ಹೋಗುತ್ತಿತ್ತು. ಕೊಟ್ಟುಬಿಟ್ಟೆ. ಖಾಲಿ ಗೋಣಿಗೆ ತೆಂಗಿನ ಸಿಪ್ಪೆ, ಹಳೇ ಸೀರೆ, ಗಂಡನ ಎರಡು ಹರಿದ ಪ್ಯಾಂಟು ತುರುಕಿ ಬಾಯಿ ಹೊಲಿದು ಅಲ್ಲೇ ಇಟ್ಟೆ. ಮಾವ ದಿನಾ ಮಲಗುವ ಮೊದಲು ಕೆಳಗಿನಿಂದ ಕೋಲಿನಲ್ಲಿ ಗೋಣಿಯನ್ನು ತಿವಿದು ನೋಡುತ್ತಿದ್ದರು. ತಿವಿದರೆ ಮೆತ್ತಗೆ, ಸ್ವಲ್ಪ ಗಂಟುಗಂಟು ಸಿಗಬೇಕು. ಸಿಪ್ಪೆ ಅದಕ್ಕೆ ಚೆನ್ನಾಗಿ ಒದಗಿತು. ಗಂಡನಿಗೂ ಹೇಳಲಿಲ್ಲ. ಆ ಮನುಷ್ಯನ ಮುಖದಲ್ಲಿ ಗುಟ್ಟು ನಿಲ್ಲುವುದಿಲ್ಲ.

ಆದರೆ ಅಕ್ಕಿಯನ್ನು ಎಲ್ಲಿ ಅಡಗಿಸುವುದು? ಮಾವ ಕೇಳಿದರು, “ಇದೆಲ್ಲಿಯದ್ದು?”

“ತವರಿನಿಂದ ಬಂತು ಮಾವ.”

“ನಿನ್ನ ತವರು ತೊಕ್ಕೊಟ್ಟಿನಾಚೆ ಕಡಲ ಬದಿ. ಅಲ್ಲಿ ಗದ್ದೆ ಎಲ್ಲುಂಟು?”

“ಈಗ ಹೊಸತಾಗಿ ಮಾಡಿದ್ದಾರೆ.”

“ಮರಳಿನಲ್ಲಿಯಾ?”

ನಾನು ಒಲೆಯ ಕಡೆ ತಿರುಗಿದೆ. ಮಾವನಿಗೆ ಸಿಟ್ಟಿಲ್ಲದಾಗ ನಾನು “ಮಗಾ”, ಸಿಟ್ಟು ಬಂದರೆ “ಟೀಚರೇ”. ಆವತ್ತಿನಿಂದ ಬರೀ ಟೀಚರೇ ಆಯಿತು. ಒಂದು ವಿಷಯ ಮಾತ್ರ ನನಗೂ ವಿಚಿತ್ರ ಕಂಡಿತು. ಆ ತಿಂಗಳು ರೇಷನ್ ಅಂಗಡಿಯ ಸಾಲಿನಲ್ಲಿ ನಮ್ಮ ಕೇರಿಯ ಹೆಂಗಸರು ಒಬ್ಬರೂ ಇರಲಿಲ್ಲ. ಪಕ್ಕದ ಮನೆಯ ಅಕ್ಕನನ್ನು ಕೇಳಿದರೆ, ಅವರಿಗೂ ತವರಿನಿಂದ ಅಕ್ಕಿ ಬಂದಿತ್ತಂತೆ.

ಸ್ವಲ್ಪ ಬಗ್ಗಿ ನಡೆಯಿರಿ

ಮಾವನ ಸಂಶಯ ಅಷ್ಟಕ್ಕೆ ನಿಲ್ಲಲಿಲ್ಲ. ದಿನಾ ಗುರಿಕಾರರ ಜಗಲಿಯಲ್ಲಿ ಹೋಗಿ ಕೂತರು. “ಯಾರಲ್ಲಿ ಬಲೆ ಉಂಟು, ಯಾರಲ್ಲಿ ಇಲ್ಲ ಅಂತ ಒಮ್ಮೆ ನೋಡಲೇಬೇಕು. ಎಲ್ಲರೂ ದಡಕ್ಕೆ ತರಲಿ. ಒಂದು ಸಲ ಎಳೆದೇ ಬಿಡುವ. ಮೀನು ಬಿದ್ದರೂ ಸರಿ, ಬೀಳದಿದ್ದರೂ ಸರಿ. ನಾನು ಕಣ್ಣು ಮುಚ್ಚುವ ಮೊದಲು ಒಮ್ಮೆ ನೋಡಬೇಕು.” ವಯಸ್ಸಾದವರ ಮಾತಿಗೆ ಗುರಿಕಾರರು ಇಲ್ಲ ಅನ್ನಲಾರದೆ ಆದಿತ್ಯವಾರ ಬೆಳಿಗ್ಗೆ ಅಂತ ಹೇಳಿಬಿಟ್ಟರು.

ನನ್ನ ಜೀವ ಬಾಯಿಗೆ ಬಂತು. ಪಾಲು ಹೋದರೆ ಹೋಗಲಿ, ಇಡೀ ಕೇರಿಯ ಎದುರು ಮಾವನ ಮಾನ ಹೋಗುತ್ತದಲ್ಲ! ರಂಪಣಿಗೆ ಮೊದಲ ಗಂಟು ಹಾಕಿದವರ ಮನೆಯಲ್ಲೇ ಬಲೆ ಇಲ್ಲ ಅಂದರೆ ಆ ಮುದುಕ ಮತ್ತೆ ತಲೆ ಎತ್ತುವುದು ಹೇಗೆ?

ಆದಿತ್ಯವಾರ ಗಂಡ ಗೋಣಿಯನ್ನು ಹೆಗಲಿಗೇರಿಸಿದರು. “ಇದೆಂತ, ಇಷ್ಟು ಹಗುರ?”

“ಒಣಗಿದೆ.”

ಪಾಪ, ಏನೂ ಗೊತ್ತಿಲ್ಲದ ಮನುಷ್ಯ ಎದೆ ಸೆಟೆಸಿ ಹೊರಟರು. ನಾನು ಹಿಂದಿನಿಂದ ಓಡಿದೆ. “ಸ್ವಲ್ಪ ಬಗ್ಗಿ ನಡೆಯಿರಿ!”

“ಯಾಕೆ?”

“ಭಾರ ಇದ್ದ ಹಾಗೆ ಕಾಣ್ಲಿ ಮಾರಾಯ್ರೆ!”

ಆಗ ಅತ್ತಿತ್ತ ನೋಡಿದೆ. ಕೇರಿಯ ಗಂಡಸರೆಲ್ಲ ಬಗ್ಗಿ ನಡೆಯುತ್ತಿದ್ದರು. ಪಕ್ಕದ ಮನೆಯ ಅಣ್ಣ ಅಯ್ಯೋ ಅಮ್ಮಾ ಅಂತ ನರಳುತ್ತಿದ್ದರು, ಆದರೆ ಕಡಲ ಗಾಳಿಗೆ ಅವರ ಗೋಣಿ ಬೆನ್ನ ಮೇಲೆ ಅಲ್ಲಾಡುತ್ತಿತ್ತು. ಗುರಿಕಾರರಂತೂ ಎರಡು ಕಡೆ ಇಳಿಸಿ ಬೆವರು ಒರೆಸಿಕೊಂಡರು.

ದಡದಲ್ಲಿ ಗೋಣಿಗಳನ್ನು ಸಾಲಾಗಿ ಇಟ್ಟರು. “ಬಿಚ್ಚಿ,” ಅಂದರು ಗುರಿಕಾರರು. ಯಾರೂ ಬಿಚ್ಚಲಿಲ್ಲ. “ಮೊದಲು ಗುರಿಕಾರರದ್ದು. ಹಿರಿಯರ ಮರ್ಯಾದೆ ಬಿಡ್ಲಿಕ್ಕುಂಟಾ?” ಅಂದರು ಪಕ್ಕದ ಮನೆಯ ಅಣ್ಣ. “ಮರ್ಯಾದೆ ಎಲ್ಲ ಬೇಡ, ನಿಮ್ಮದು ನೀವು ಬಿಚ್ಚಿ,” ಅಂದರು ಗುರಿಕಾರರು. ಹೀಗೇ ಸುಮಾರು ಹೊತ್ತು ಒಬ್ಬರಿಗೊಬ್ಬರು ಮರ್ಯಾದೆ ಕೊಟ್ಟರು.

ಮಾವನಿಗೆ ತಾಳ್ಮೆ ತಪ್ಪಿತು. ಸೊಂಟದ ಚೂರಿ ತೆಗೆದು ನಮ್ಮ ಗೋಣಿಯನ್ನೇ ಸರ್ರಂತ ಸೀಳಿದರು. ಸಿಪ್ಪೆ ಬಿತ್ತು, ಸೀರೆ ಬಿತ್ತು, ಆಮೇಲೆ ಗಂಡನ ಪ್ಯಾಂಟು ಬಿತ್ತು. “ಇದು ನನ್ನದಲ್ವಾ? ಎಷ್ಟು ಹುಡುಕಿದೆ!” ಅಂದರು ನನ್ನ ಗಂಡ.

ಮಾವ ನನ್ನನ್ನು ನೋಡಿದರು. ಭೂಮಿ ಬಾಯಿ ಬಿಡಬಾರದಾ ಅನ್ನಿಸಿತು ನನಗೆ. ಅಷ್ಟರಲ್ಲಿ ಪಕ್ಕದ ಮನೆಯ ಅಕ್ಕ ಹೊಟ್ಟೆ ಹಿಡಿದು ನಗುತ್ತಾ ತಮ್ಮ ಗೋಣಿಯ ಬಾಯಿ ಬಿಚ್ಚಿದರು: ಒಣ ಹುಲ್ಲು. ಎದುರು ಮನೆಯದ್ದರಲ್ಲಿ ಹಳೇ ಹಾಸಿಗೆಯ ಹತ್ತಿ. ಅದರಾಚೆಯದ್ದರಲ್ಲಿ ಮತ್ತೆ ಸಿಪ್ಪೆ. ಒಂದೊಂದಾಗಿ ಎಲ್ಲ ಬಿಚ್ಚಿಕೊಂಡವು, ಒಂದು ಮೊಳ ಬಲೆಯೂ ಸಿಗಲಿಲ್ಲ.

ಕೊನೆಗೆ ಉಳಿದದ್ದು ಗುರಿಕಾರರ ಗೋಣಿ. ಅವರು ಅದರ ಮೇಲೆಯೇ ಗಟ್ಟಿಯಾಗಿ ಕೂತುಕೊಂಡು ಮೆಲ್ಲಗೆ ಕೇಳಿದರು: “ಆ ವಾಮಂಜೂರಿನವನು ನಿಮ್ಮಲ್ಲಿಯೂ ಯಾರಿಗೂ ಹೇಳಬೇಡಿ ಅಂದನಾ?”

ಪಾಲು

ಮಾವ ಒಂದು ವಾರ ನನ್ನಲ್ಲಿ ಮಾತಾಡಲಿಲ್ಲ. ಟೀಚರೇ ಅಂತಲೂ ಕರೆಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಮಲಗುವ ಮೊದಲು ಕೋಲು ಹಿಡಿದು ಅಟ್ಟದ ಕೆಳಗೆ ಬರುವರು, ತಿವಿಯಲು ಏನೂ ಇಲ್ಲದೆ ವಾಪಸು ಹೋಗುವರು.

ಮುಂದಿನ ಆದಿತ್ಯವಾರ ಅವರೇ ಹೊರಟರು. “ನನ್ನ ಬಲೆ ಎಲ್ಲುಂಟು ನೋಡಬೇಕು.” ಮಾವ ಒಬ್ಬರೇ ಹೋದರೆ ಎಂತದೋ ಉಂಟು ಅಂತ ಗುರಿಕಾರರೂ ಹೊರಟರು. ಗುರಿಕಾರರು ಹೋದರೆ ಬಿಡುವುದುಂಟಾ ಅಂತ ಕೇರಿಯವರೂ ಹೊರಟರು. ಹಂಪನಕಟ್ಟೆಯಲ್ಲಿ ವಾಮಂಜೂರಿನ ಬಸ್ಸಿಗೆ ನಾವೇ ತುಂಬಿದೆವು.

ಹೋಗಿ ನೋಡಿದರೆ, ನಮ್ಮ ಇಡೀ ರಂಪಣಿ ಅಲ್ಲಿತ್ತು. ಗದ್ದೆಯ ಉದ್ದಕ್ಕೂ ಕಂಬ ನೆಟ್ಟು, ತುಂಡಿಗೆ ತುಂಡು ಜೋಡಿಸಿ ಹಾಸಿದ್ದ. ಮೇಲೆಲ್ಲ ಹಸಿರು ಬಳ್ಳಿ. ಬಲೆಯ ಪ್ರತಿ ಕಣ್ಣಿನಲ್ಲೂ ತೊಂಡೆಕಾಯಿ ಜೋತಾಡುತ್ತಿತ್ತು. ಮಾವ ಕೈ ಎತ್ತಿ ಗಂಟು ಮುಟ್ಟುತ್ತಾ ಮುಟ್ಟುತ್ತಾ ಹೋಗಿ ಒಂದು ಕಡೆ ನಿಂತರು. “ಇದು ನನ್ನದು,” ಅಂದರು. ಕಣ್ಣು ಒದ್ದೆಯಾಗಿತ್ತು. ನನಗೂ ಅಳು ಬಂತು.

ಆಮೇಲೆ ಹೆಗಲ ಬೈರಾಸು ಬಟ್ಟೆ ತೆಗೆದು ನೆಲಕ್ಕೆ ಹಾಸಿ ತೊಂಡೆಕಾಯಿ ಕೊಯ್ಯಲು ಶುರು ಮಾಡಿದರು.

ವಾಮಂಜೂರಿನವನು ಓಡಿ ಬಂದ. “ಅಜ್ಜ, ಅಜ್ಜ! ಅಕ್ಕಿ ಕೊಟ್ಟು ತೆಗೆದುಕೊಂಡ ಬಲೆ ಅದು!”

“ಬಲೆ ಕೊಟ್ಟದ್ದು ನನ್ನ ಸೊಸೆ,” ಅಂದರು ಮಾವ, ಕೊಯ್ಯುವುದು ನಿಲ್ಲಿಸದೆ. “ಪಾಲು ಅವಳದ್ದಲ್ಲ, ನನ್ನದು. ನಾನು ಪಾಲು ಕೊಡಲಿಲ್ಲ. ಬಲೆಗೆ ಬಿದ್ದದ್ದರಲ್ಲಿ ತುಂಡಿನವನಿಗೆ ಪಾಲು ಉಂಟು.”

ಎಲ್ಲರೂ ಗುರಿಕಾರರ ಮುಖ ನೋಡಿದರು. ಗುರಿಕಾರರು ಗಂಟಲು ಸರಿಮಾಡಿಕೊಂಡರು. “ಹೌದು. ರಂಪಣಿಯ ಕ್ರಮ ಹಾಗೆಯೇ ಇರುವುದು.” ಹೇಳುತ್ತಾ ಅವರೂ ತಮ್ಮ ಚೀಲದ ಬಾಯಿ ಬಿಚ್ಚಿದರು.

ವಾಮಂಜೂರಿನವನು ತಲೆಯ ಮೇಲೆ ಕೈ ಹೊತ್ತುಕೊಂಡು ಬದುವಿನ ಮೇಲೆ ಕೂತ. “ಭೂಮಸೂದೆ ಬಂದು ಧಣಿಗಳಿಗೆ ಗೇಣಿ ಅಳೆಯುವುದು ಈಗಷ್ಟೇ ನಿಂತದ್ದು ಮಾರಾಯ್ರೆ. ಇನ್ನು ಮೀನಿನವರಿಗೂ ಗೇಣಿಯಾ!” ಅಂದ. ಅವನ ಮಾತಿಗೆ ಅವನಿಗೇ ನಗು ಬಂತು. ಹೆಂಡತಿಯನ್ನು ಕೂಗಿ ಎಲ್ಲರಿಗೂ ಬೆಲ್ಲ ನೀರು ತರಿಸಿದ.

ವಾಪಸು ಬರುವಾಗ ಬಸ್ಸಿನಲ್ಲಿ ಮಾವ ನನ್ನ ಪಕ್ಕದಲ್ಲೇ ಕೂತರು, ಮಡಿಲಲ್ಲಿ ತೊಂಡೆಕಾಯಿಯ ಗಂಟು. ಬಸ್ಸು ಕುಲಶೇಖರ ದಾಟುವವರೆಗೂ ಗಂಟಿನೊಳಗೆ ಕೈ ಹಾಕಿ ಕಾಯಿ ಎಣಿಸಿದರು. ಆಮೇಲೆ ನನ್ನ ಕಿವಿಯ ಹತ್ತಿರ ಬಗ್ಗಿದರು.

“ಮಗಾ, ಗುರಿಕಾರರ ಚೀಲ ನೋಡಿದೆಯಾ?”

“ನೋಡಿದೆ ಮಾವ.”

“ಅವರ ತುಂಡು ನಮ್ಮದಕ್ಕಿಂತ ಸಣ್ಣದು. ಚೀಲ ನಮ್ಮದಕ್ಕಿಂತ ದೊಡ್ಡದು. ಮುಂದಿನ ಆದಿತ್ಯವಾರ ಬರುವಾಗ ತಕ್ಕಡಿ ತರುವ.”