ಜೋಡಿ ಬಿಲ್ಲಿನ ಮಾವನವರು

ಮದುವೆಯಾಗಿ ಇಚಲಕರಂಜಿಗೆ ಬಂದ ಮೊದಲ ಮಳೆಗಾಲದಲ್ಲಿ ನಾನು ಗಂಡನ ಮುಖಕ್ಕಿಂತ ಹೆಚ್ಚಾಗಿ ನೋಡಿದ್ದು ಮಾವನವರ ಬೆನ್ನನ್ನು! ಉತ್ಪ್ರೇಕ್ಷೆ ಎನ್ನಬೇಡಿ. ಗಂಡ ಪಾಳಿಯ ಮೇಲೆ ಮಗ್ಗದ ಶೆಡ್ಡಿಗೆ ಹೋಗುತ್ತಿದ್ದರು, ಬಂದರೆ ನಿದ್ದೆ. ಮಾವನವರೋ, ಬಿಸಿಲಿನ ಜೊತೆ ನಾಲ್ಕು ಹನಿ ಬಿದ್ದರೆ ಸಾಕು, ಸೂರ್ಯನಿಗೆ ಬೆನ್ನು ಕೊಟ್ಟು ಓಣಿಯ ನಡುವೆ ನಿಂತುಬಿಡುತ್ತಿದ್ದರು. ಕಾಮನಬಿಲ್ಲು ನೋಡಲು! ಅದೂ ಒಂದು ಬಿಲ್ಲನ್ನು ಅವರು ಗಣನೆಗೇ ತೆಗೆದುಕೊಳ್ಳುತ್ತಿರಲಿಲ್ಲ. ಅದರ ಮೇಲೆ ಮಸುಕಾಗಿ ಇನ್ನೊಂದು ಮೂಡಬೇಕು. ಅದಕ್ಕೆ ಅವರಿಟ್ಟ ಹೆಸರು ‘ಜೋಡಿ’.

ತಾವೊಬ್ಬರೇ ನೋಡಿಕೊಂಡು ಒಳಗೆ ಬಂದಿದ್ದರೆ ನಾನು ಇದನ್ನೆಲ್ಲ ಏಕೆ ಬರೆಯುತ್ತಿದ್ದೆ? ಮನೆಯವರೆಲ್ಲ ಹೊರಗೆ ಬರಬೇಕು.

“ಜಲ್ದಿ ಬಾ ತಂಗಿ! ಜೋಡಿ ಬಿದ್ದೈತಿ!”

“ಹಂಚಿನ ಮ್ಯಾಲ ರೊಟ್ಟಿ ಐತ್ರಿ ಮಾವಾರ, ಹೊತ್ತತೈತಿ!”

“ರೊಟ್ಟಿ ದಿನಾ ಇರತೈತಿ. ಇದು ದಿನಾ ಬರತೈತೇನು?”

ಹಿಟ್ಟಿನ ಕೈಯಲ್ಲೇ ಹೋಗಿ ನಿಲ್ಲುತ್ತಿದ್ದೆ. ಬಿಲ್ಲು ಕರಗುವ ಹೊತ್ತಿಗೆ ರೊಟ್ಟಿ ಇದ್ದಿಲಾಗಿರುತ್ತಿತ್ತು. ಆ ಮಳೆಗಾಲದಲ್ಲಿ ನಮ್ಮ ಮನೆಯಲ್ಲಿ ಎಲ್ಲ ಬಣ್ಣಗಳನ್ನೂ ನೋಡಿದೆವು, ತಿಂದದ್ದು ಮಾತ್ರ ಕಪ್ಪು!

ಅವರ ಈ ಹುಚ್ಚಿಗೂ ಒಂದು ಕಾರಣವಿತ್ತು. ಅವರು ಕೈಮಗ್ಗದಲ್ಲಿ ಸೀರೆಯ ಅಂಚು ನೇಯ್ದು ಕೈ ಪಳಗಿಸಿಕೊಂಡವರು. ವಿದ್ಯುತ್ ಮಗ್ಗಗಳು ಬಂದ ಮೇಲೆ ಒಂದು ಶೆಡ್ಡಿನಲ್ಲಿ ಮಗ್ಗ ರಿಪೇರಿ ಮಾಡುವ ಜಾಬರ್ ಆಗಿದ್ದರು. ಅಂಚಿನಲ್ಲಿ ಒಂದೆಳೆ ಹಿಂದುಮುಂದಾದರೂ ಅವರಿಗೆ ಕಣ್ಣಿನಲ್ಲಿ ಕಸ ಬಿದ್ದ ಹಾಗಾಗುತ್ತಿತ್ತು. ಅಂಥವರಿಗೆ ಒಂದು ದಿನ ಗೊತ್ತಾಯಿತು: ಕೆಳಗಿನ ಬಿಲ್ಲಿಗೆ ಕೆಂಪು ಮೇಲಿದೆ, ಮೇಲಿನ ಬಿಲ್ಲಿಗೆ ಕೆಂಪು ಕೆಳಗಿದೆ! “ಮ್ಯಾಲಿಂದು ಯಾಕ ಉಲ್ಟಾ ನೇದಾನ ಅಂವಾ?” ಎಂದು ಕಂಡಕಂಡವರನ್ನು ಕೇಳತೊಡಗಿದರು. ಓಣಿಯ ಪೂಜಾರಿ, ದೇವರ ಲೀಲೆ ಎಂದರು. ಮಾವನವರಿಗೆ ಸಮಾಧಾನವಾಗಲಿಲ್ಲ. ಲೀಲೆ ಎಂದು ಹೇಳಿ ಯಾವ ನೇಕಾರ ಪಾರಾಗಿದ್ದಾನೆ ಹೇಳಿ?

ಒಂದು ಸಂಜೆ ಶೆಡ್ಡಿನವರನ್ನೆಲ್ಲ ಹೊರಗೆ ಕರೆದು ತೋರಿಸುತ್ತ ನಿಂತರು. ಖಟಖಟ ಎನ್ನುತ್ತಿದ್ದ ಮಗ್ಗಗಳು ಒಮ್ಮೆಲೇ ಸುಮ್ಮನಾದವು. ಮಾಲಕರು ಗಾಬರಿಯಿಂದ ಓಡಿಬಂದು, “ಸಂಪ ಕೇಲಾಯ್ ಕಾ ರೇ?” ಎಂದು ಕೂಗಿದರು, ಮುಷ್ಕರವೆಂದು ತಿಳಿದು. ಮಾವನವರು ತಿರುಗಿಯೂ ನೋಡದೆ, “ಸಂಪ ನಾಹೀ ಮಾಲಕ, ಇಂದ್ರಧನುಷ್ಯ!” ಎಂದರಂತೆ. ಮರುದಿನದಿಂದ ಅವರನ್ನು ನೂಲಿನ ಗೋದಾಮಿಗೆ ಹಾಕಿದರು. ಅದಕ್ಕೆ ಕಿಟಕಿಯೇ ಇರಲಿಲ್ಲ.

ಕೊನೆಗೆ ಕೊಲ್ಹಾಪುರದ ಕಾಲೇಜೊಂದರ ವಿಜ್ಞಾನದ ಪ್ರೊಫೆಸರರನ್ನೇ ಕೇಳುವುದೆಂದಾಯಿತು. ಜೊತೆಗೆ ನಾನು! ನಾನು ಮರಾಠಿ ಏಳನೆಯ ಇಯತ್ತೆ ಪಾಸಾದವಳು, ಮಾವನವರ ಮರಾಠಿ ಅರ್ಧದಾರಿಯಲ್ಲಿ ಕನ್ನಡಕ್ಕೆ ಇಳಿದುಬಿಡುತ್ತಿತ್ತು. ಮೂರು ಕೊಡ ನೀರು ತಂದು, ಅಡಿಗೆ ಮುಗಿಸಿ, ಬಸ್ಸಿನಲ್ಲಿ ನಿಂತುಕೊಂಡೇ ಹೋದೆ.

ಪ್ರೊಫೆಸರರು ಒಳ್ಳೆಯವರು. ನಗಲಿಲ್ಲ. ದುಂಡನೆಯ ಗಾಜಿನ ಬುರುಡೆಯಲ್ಲಿ ನೀರು ತುಂಬಿ ಬಿಸಿಲಿಗೆ ಹಿಡಿದರು. ಇದು ಒಂದು ಮಳೆಹನಿ ಎಂದುಕೊಳ್ಳಿ, ಎಂದರು. ಬೆಳಕು ಒಳಗೆ ಹೋಗಿ, ಹಿಂದಿನ ಗೋಡೆಗೆ ಒಮ್ಮೆ ತಾಗಿ ತಿರುಗಿ ಬಂದರೆ ಅದು ಕೆಳಗಿನ ಬಿಲ್ಲು. ಎರಡು ಸಲ ತಾಗಿ ಬಂದರೆ ಅದು ಮೇಲಿನದು. ಇನ್ನೊಮ್ಮೆ ತಿರುಗಿದ್ದರಿಂದ ಬಣ್ಣದ ಸಾಲು ಉಲ್ಟಾ. ತಾಗಿದಾಗಲೆಲ್ಲ ಒಂದಿಷ್ಟು ಬೆಳಕು ಹನಿಯಿಂದ ಹೊರಗೆ ಸೋರುತ್ತದೆ, ಆದ್ದರಿಂದ ಮಸುಕು.

ನಾನು ಕನ್ನಡದಲ್ಲಿ ಹೇಳಿದೆ. ಮಾವನವರ ಕಣ್ಣಲ್ಲಿ ನೀರೇ ಬಂತು. “ಅಂದರ ಡಬಲ್ ಪಾಳಿ ಮಾಡಿದ್ದಂಗ! ದಣದೈತಿ, ಪಾಪ!”

ಬೆಳಕಿಗೆ ಪಾಪ! ಮನೆಯಲ್ಲಿ ದಿನವೂ ಡಬಲ್ ಪಾಳಿ ಮಾಡುತ್ತಿದ್ದವಳು ನಾನು. ನನಗೆ ಒಬ್ಬರಾದರೂ ಪಾಪ ಎಂದಿದ್ದರೇ?

ಕೊರಳು ಒಡೆದಿದ್ದ ಆ ಬುರುಡೆಯನ್ನು ಪ್ರೊಫೆಸರರು ಮಾವನವರಿಗೇ ಕೊಟ್ಟುಬಿಟ್ಟರು. ಬಸ್ಸಿನಲ್ಲಿ ಅದನ್ನು ಎದೆಗವಚಿಕೊಂಡು ಕೂತರು. ಇದರಲ್ಲೇನಿದೆ ಎಂದು ಕಂಡಕ್ಟರ್ ಕೇಳಿದ. “ಇಂದ್ರಧನುಷ್ಯ!” ಎಂದರು. ಅವನು ಒಂದು ಗಳಿಗೆ ಯೋಚಿಸಿ, “ಮಗ ಹಾಫ್ ತಿಕೀಟ ಘ್ಯಾ!” ಎಂದ. ಹಾಗಾದರೆ ಅದಕ್ಕೂ ಅರ್ಧ ಟಿಕೀಟು ತೆಗೆದುಕೊಳ್ಳಿ, ಅಂತ!

ಇಲ್ಲಿಯವರೆಗೆ ನಕ್ಕಿದ್ದೀರಿ. ನಾನೂ ನಕ್ಕೆ. ಆದರೆ ಗಡಹಿಂಗ್ಲಜದಲ್ಲಿ ನಡೆದದ್ದಕ್ಕೆ ನಗಲು ನನಗೆ ಹಲವು ವರ್ಷ ಬೇಕಾದವು.

ನನ್ನ ನಾದಿನಿಗೆ, ಮಾವನವರ ಒಬ್ಬಳೇ ಮಗಳಿಗೆ, ಅಲ್ಲಿಯ ಬೆಲ್ಲದ ವ್ಯಾಪಾರಿಯ ಮನೆಯಿಂದ ಸಂಬಂಧ ಬಂದಿತ್ತು. ಹುಡುಗ ಬಂದು ನೋಡಿ ಹೋಗಿದ್ದ. ನಾದಿನಿ ಬಾಯಿ ಬಿಟ್ಟು ಹೇಳಿರಲಿಲ್ಲ, ಆದರೆ ಎರಡು ಹೊತ್ತು ಜಡೆ ಹಾಕಿಕೊಳ್ಳುತ್ತಿದ್ದಳು. ದಿನ ಗೊತ್ತು ಮಾಡಲು ನಾವು ಹೋದೆವು. ಚಹಾ ಬಂತು, ಮಾತು ಕುದುರಿತು. ಅಷ್ಟರಲ್ಲಿ ಹೊರಗೆ ಇಳಿಬಿಸಿಲಿನ ಜೊತೆ ಜಡಿಮಳೆ! ಮಾವನವರ ಕತ್ತು ಬಾಗಿಲಿನತ್ತ ಉದ್ದವಾಗತೊಡಗಿತು. ನಾನು ಕೆಮ್ಮಿದೆ. ಮತ್ತೆ ಕೆಮ್ಮಿದೆ. ಬೀಗತಿ ನನಗೆ ಶುಂಠಿ ತಂದುಕೊಟ್ಟರು. ಮಾವನವರು ಎದ್ದೇಬಿಟ್ಟರು.

“ಬೀಗರ, ಮಾತು ಆಮ್ಯಾಲ ಆಗಲಿ, ಬರ್ರಿ ಹೊರಗ. ಲಗ್ನ ಜನ್ಮಾ ಪೂರ್ತಿ ಇರತೈತಿ. ಇದು ಹತ್ತ ಮಿನಿಟ ಅಷ್ಟ!”

ಬೀಗರ ಕೈ ಹಿಡಿದು ಅಂಗಳದ ನಡುವೆ ನಿಲ್ಲಿಸಿದರು. ಬೀಗರು ಅಂದಿಗಾಗಿಯೇ ತಲೆಗೆ ಹೊಸ ಗುಲಾಬಿ ಪಟಗಾ ಸುತ್ತಿದ್ದರು. ಮಳೆಗೆ ಅದರ ಬಣ್ಣ ಬಿಟ್ಟು ಹಣೆ, ಮೂಗು, ಮೀಸೆಯ ಮೇಲೆ ಹರಿಯಿತು. ಓಣಿಯ ಜನ ಬಾಗಿಲಿಗೆ ಬಂದು ನಿಂತರು. ಆಗಲಾದರೂ ಮಾವನವರು ಸುಮ್ಮನಿರಬಾರದೇ? ಬೀಗರ ಮುಖವನ್ನು ಕಸುಬುದಾರನ ಕಣ್ಣಿನಿಂದ ನೋಡಿ, “ಬಣ್ಣ ಕಚ್ಚಾ ಐತ್ರಿ ಬೀಗರ. ನಿಮಗ ಮೋಸ ಆಗೇತಿ!” ಎಂದರು.

ಎಂಟು ದಿನಕ್ಕೆ ಕಾಗದ ಬಂತು. ತಲೆ ಸರಿಯಿಲ್ಲದವರ ಮನೆಯ ಹೆಣ್ಣು ಬೇಡವಂತೆ.

ನಾದಿನಿ ಅಳಲಿಲ್ಲ. ಅಪ್ಪನ ಜೊತೆ ಮಾತು ಬಿಟ್ಟಳು. ತಾಟು ಇಡುವಳು, ನೀರು ಇಡುವಳು, ಹೋಗುವಳು. ನಾನು ಸುಮ್ಮನಿರಲಿಲ್ಲ. “ಸಾಕಾಗೇತ್ರಿ ಮಾವಾರ ನಿಮ್ಮ ಬಿಲ್ಲು! ಒಂದು ಹುಡುಗಿ ಬಾಳೇ ಹಾಳು ಮಾಡಿದ್ರಿ!” ಎಂದುಬಿಟ್ಟೆ. ಅವರು ತಲೆಯಾಡಿಸಿದರು. ಬುರುಡೆಯನ್ನು ಅಟ್ಟದ ಮೇಲಿಟ್ಟರು. ಆಮೇಲೆ ಎಂಥ ಬಿಸಿಲುಮಳೆ ಬಂದರೂ ಪಡಸಾಲೆ ಬಿಟ್ಟು ಏಳಲಿಲ್ಲ. ನನ್ನ ರೊಟ್ಟಿಗಳು ಬೆಳ್ಳಗೆ ಬೆಂದವು. ಅದರಿಂದ ನನಗೇನೂ ಸುಖವಾಗಲಿಲ್ಲ.

ಎರಡು ವರ್ಷದ ಮೇಲೆ ನಾದಿನಿಯನ್ನು ಬಿದ್ರಿಯ ಕಡೆ ಕಬ್ಬು ಬೆಳೆಯುವ ಮನೆತನಕ್ಕೆ ಕೊಟ್ಟೆವು. ಹೋಗುವಾಗ ಎಲ್ಲರ ಕಾಲಿಗೂ ಬಿದ್ದಳು. ಅಪ್ಪನ ಕಾಲಿಗೂ ಬಿದ್ದಳು, ಮಾತಾಡಲಿಲ್ಲ.

ಮರುವರ್ಷ ಪಂಚಮಿ ಹಬ್ಬಕ್ಕೆ ತವರಿಗೆ ಬಂದಳು. ಅಷ್ಟರಲ್ಲಿ ಮಾವನವರ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಆಪರೇಶನ್ ಎಂದರೆ ಹೆದರಿ, ನಾಳೆ ನಾಡಿದ್ದು ಎನ್ನುತ್ತಿದ್ದರು. ನಾವು ಅವಳಿಗೆ ತಿಳಿಸಿರಲಿಲ್ಲ. ಅವಳು ಹೊಸ್ತಿಲು ದಾಟಿ ಅಪ್ಪನೆದುರಿಗೇ ನಿಂತಳು. ಬಳೆ ಸದ್ದಾಯಿತು. ಮಾವನವರು ಮುಖವೆತ್ತಿ, “ಯಾರವಾ ಬಂದ್ರು?” ಎಂದರು.

ಅವಳು ನನ್ನ ಕಡೆ ನೋಡಿದಳು. ನಾನು ನೆಲ ನೋಡಿದೆ.

ಆ ದಿನವೇ ಸಂಜೆ ಶ್ರಾವಣದ ಬಿಸಿಲುಮಳೆ. ನಾನು ಒಳಗೆ ಹೂರಣ ಅರೆಯುತ್ತಿದ್ದೆ. ಓಣಿಯಲ್ಲಿ ನಾದಿನಿಯ ದನಿ ಕೇಳಿಸಿತು. ಎದ್ದು ಬಂದು ನೋಡಿದರೆ, ಅಪ್ಪನ ಕೈ ಹಿಡಿದು ಮಳೆಯಲ್ಲಿ ನಿಂತಿದ್ದಾಳೆ.

“ಕೆಳಗಿಂದು ಗಟ್ಟಿ ಐತಪ್ಪಾ. ಮ್ಯಾಲ ಇನ್ನೊಂದೈತಿ, ತೆಳ್ಳಗ.”

“ಕೆಂಪು?”

“ಮ್ಯಾಲಿಂದಕ್ಕ ಕೆಳಗ ಐತಿ.”

ನಾನು ತಲೆಯೆತ್ತಿದೆ. ಆಕಾಶದಲ್ಲಿ ಇದ್ದದ್ದು ಒಂದೇ ಬಿಲ್ಲು.

ಮಾವನವರು, “ಎರಡರ ನಡಕ ಆಕಾಶ ಹ್ಯಾಂಗೈತವಾ?” ಎಂದರು.

ನಾದಿನಿ ತಡವರಿಸಿದಳು. ಅಪ್ಪ ತೋರಿಸುವಾಗ ಅವಳು ಎಂದೂ ಸರಿಯಾಗಿ ನೋಡಿದವಳಲ್ಲ. ನಾನು ನೋಡಿದ್ದೆ, ಬೇಡವೆಂದರೂ ಎಷ್ಟು ಮಳೆಗಳಲ್ಲಿ ನಿಂತು ಜೋಡಿಯ ನಡುವಿನ ಆ ಪಟ್ಟಿಯನ್ನು ನೋಡಿದ್ದೆ!

“ಕಪ್ಪಗೈತ್ರಿ ಮಾವಾರ,” ಎಂದೆ. “ಸುತ್ತಲಿಂದಕ್ಕಿಂತ ಆ ಪಟ್ಟಿ ಅಷ್ಟ ಕಪ್ಪು.”

“ಹಂಗಾದರ ಖರೇನ ಐತಿ,” ಎಂದು ಅವರು ಮಗಳ ಕೈಯನ್ನು ಎರಡೂ ಕೈಯಲ್ಲಿ ಹಿಡಿದರು.

ತುಸು ಹೊತ್ತಿಗೆ ಮಳೆ ನಿಂತಿತು. ಇದ್ದ ಒಂದು ಬಿಲ್ಲೂ ಕರಗಿತು.

“ಇನ್ನೂ ಐತೇನವಾ?”

“ಐತಪ್ಪಾ,” ಎಂದಳು ನಾದಿನಿ. ಮೂವರೂ ಹಾಗೇ ನಿಂತೆವು.