ಆ ನಾಕ್ ಮಂದಿ ಯಾವ ಊರವರು?

ಒಬ್ಬೊಬ್ಬರೇ ಸಿಕ್ರ ನಮ್ಮ ಕಡಿ ಮಂದಿಯಷ್ಟು ಶಾಣ್ಯಾ ಮಂದಿ ಎಲ್ಲೂ ಸಿಗಂಗಿಲ್ಲ. ಆದ್ರ ಹತ್ತು ಮಂದಿ ಒಂದು ಕಡಿ ಕೂಡಿದ್ರು ಅಂದ್ರ ಮುಗೀತು, ಆ ಶಾಣ್ಯಾತನ ಎಲ್ಲಿ ಹೋಗಿ ಅಡಗ್ತದೋ ದೇವರಿಗೇ ಗೊತ್ತು. ಟೀಚರ್ ಆಗಿ ತಿರುಗಾಡಿದ ಊರಾಗೆಲ್ಲಾ ನಾ ಇದೇ ತಮಾಷಿ ನೋಡೇನಿ. ನಕ್ಕೂ ನಕ್ಕೇನಿ, ಸಿಟ್ಟಿಗೂ ಎದ್ದೇನಿ. ನಂದು ಜರಾ ಸಿಟ್ಟಿನ ಸ್ವಭಾವ ರೀ, ಮೊದಲೇ ಹೇಳಿಬಿಡ್ತೇನಿ.

ಇದನ್ನೆಲ್ಲಾ ನನಗ ಮೊದಲು ತೋರಿಸಿದಾಕಿ ನಮ್ಮವ್ವ. ಬೀದರದಾಗ ನಮ್ಮ ಮನಿ. ನಾ ಜೋರಾಗಿ ನಕ್ರ ಅವ್ವ ಅಂತಿದ್ಳು, "ಬಾಯಿ ಮುಚ್ಚು, ನಾಕ್ ಮಂದಿ ಏನಂತಾರ?" ಛತ್ರಿ ಹಿಡದು ಬಜಾರಕ್ಕ ಹೋದ್ರ, "ಏನ್ ದೊಡ್ಡ ಸಾಹೇಬನ ಹೆಂಡ್ತಿ ಏನು, ನಾಕ್ ಮಂದಿ ಏನಂತಾರ?" ಛತ್ರಿ ಬಿಟ್ಟು ಮಳಿಯಾಗ ತೋಯ್ಸಿಕೊಂಡು ಬಂದ್ರ ಅದಕ್ಕೂ ಅವರೇ ನಾಕ್ ಮಂದಿ. ಒಂದಿನ ನನಗ ತಲಿ ಕೆಟ್ಟು ಹೋತು.

"ಅವ್ವಾ, ಆ ನಾಕ್ ಮಂದಿ ಯಾವ ಊರವರು? ಹೆಸರರ ಹೇಳು. ಏನಂತೀರಿ ಅಂತ ನಾನೇ ಹೋಗಿ ಕೇಳಿ ಬರ್ತೇನಿ."

ಅವ್ವ ಗಾಬರಿಯಾಗಿ ಓಡಿ ಹೋಗಿ ಬಾಗಲಾ ಮುಚ್ಚಿದ್ಳು. "ಮೆತ್ತಗ ಮಾತಾಡೇ! ನಾಕ್ ಮಂದಿ ಕೇಳಿಸಿಕೊಂಡಾರು!"

ಕೈ ಎತ್ರಿ

ನಮ್ಮ ಬೀದರ ಹೈದರಾಬಾದ ಬಿಟ್ಟು ಮೈಸೂರ ರಾಜ್ಯಕ್ಕ ಸೇರಿದ ಹೊಸತು. ಸಾಲಿ ನೋಡ್ಲಿಕ್ಕೆ ಮೈಸೂರ ಕಡಿಂದ ಒಬ್ಬರು ಹೊಸ ಸಾಹೇಬರು ಬಂದ್ರು. ಟೀಚರ್ ನೌಕ್ರಿ ಬೇಕಂತ ಅರ್ಜಿ ಕೊಟ್ಟವರು, ಹಳೇ ಮಾಸ್ತರಗೋಳು, ಎಲ್ಲಾರಿಗೂ ಕರದು ಒಂದು ಹಾಲಿನಾಗ ಕೂಡಿಸಿದ್ರು. ನಾವು ಕಲ್ತದ್ದು ಉರ್ದು, ಮನ್ಯಾಗ ಆಡೂದು ನಮ್ಮ ಮೊಂಡ ಕನ್ನಡ. ಸಾಹೇಬರ ಕನ್ನಡ ಬ್ಯಾರೇನೇ. ಬೆಣ್ಣಿ ಹಚ್ಚಿದಂಗ ನುಣ್ಣಗ, ಬಸ್ಸಿನಂಗ ಜೋರು. ಕೇಳ್ಲಿಕ್ಕೆ ಭಾಳ ಛಂದ ಇತ್ರಿ, ತಿಳೀಲಿಲ್ಲ ಅಷ್ಟೇ.

ಭಾಷಣ ಮುಗಿಸಿ ಸಾಹೇಬರು ಕೇಳಿದ್ರು, "ಯಾರಿಗಾದರೂ ಅರ್ಥವಾಗಿಲ್ಲದಿದ್ದರೆ ದಯವಿಟ್ಟು ಕೈ ಎತ್ತಿ."

ಮೊದಲ ಸಾಲಿನಾಗ ಕುಂತ ಹಳೇ ಹೆಡ್ ಮಾಸ್ತರಿಗಿ 'ಅರ್ಥ', 'ಕೈ ಎತ್ತಿ' ಇವೆರಡೇ ಕೇಳಿಸ್ಯಾವ. ತಿಳದವರು ಕೈ ಎತ್ಬೇಕು ಅಂತ ತಿಳಕೊಂಡು ಎದಿ ಉಬ್ಬಿಸಿ ಕೈ ಎತ್ತಿದ್ರು. ಅವರು ಎತ್ತಿದ್ರು ಅಂತ ಹಿಂದಿನವರು ಎತ್ತಿದ್ರು, ಅವರ ಹಿಂದಿನವರೂ ಎತ್ತಿದ್ರು. ನಾನೂ ಎತ್ತಿದೆ. ಹಾಲ್ ತುಂಬಾ ಕೈಗೋಳು.

ಸಾಹೇಬರ ಮಾರಿ ಸಣ್ಣದಾತು. ಪಾಪ, ಒಂದು ಗ್ಲಾಸ್ ನೀರು ಕುಡದು ಮತ್ತ ಮೊದಲಿಂದ ಶುರು ಮಾಡಿದ್ರು.

ಎರಡನೇ ಸಲ ಮುಗಿಸಿ ಜಾಣತನದಿಂದ ಕೇಳಿದ್ರು, "ಈಗ ಅರ್ಥವಾದವರು ಕೈ ಎತ್ತಿ." ಹೆಡ್ ಮಾಸ್ತರು ಈಗ ಹುಷಾರಾಗಿದ್ರು. ಕೈ ಎತ್ತಿದ್ದಕ್ಕೇ ಇಷ್ಟೆಲ್ಲಾ ಆತು ಅಂತ ಎರಡೂ ಕೈ ತೊಡಿ ಕೆಳಗ ಇಟ್ಟು ಕುಂತ್ರು. ಅವರಿಗಿ ನೋಡಿ ಎಲ್ಲಾರೂ ತೊಡಿ ಕೆಳಗೇ ಇಟ್ರು. ಮೂರನೇ ಭಾಷಣ ಮುಗಿಯೋದ್ರಾಗ ಊಟದ ಹೊತ್ತು ಮೀರಿ, ಭಾಷಣ ಮಾಡಿದವರೂ ಉಪಾಸ, ಕೇಳಿದವರೂ ಉಪಾಸ.

ಸಂಜಿ ಸಾಹೇಬರು ನನಗ ಕರದು ಹೇಳಿದ್ದು ಮಾತ್ರ ಸರಿಯಾಗೇ ತಿಳೀತು. "ನೋಡಿ ಅಮ್ಮ, ಔರಾದ ತಾಲೂಕಿನ ಠಾಣಾ ಕುಶನೂರಲ್ಲಿ ಹುಡುಗಿಯರ ತರಗತಿ ತೆರೀತಾ ಇದ್ದೀವಿ, ನೀವೇ ಟೀಚರು. ಸಂಕ್ರಾಂತಿ ಆದಮೇಲೆ ನಾನು ಬಂದು ನೋಡ್ತೀನಿ. ಹುಡುಗಿಯರಿದ್ದರೆ ತರಗತಿ ಇರುತ್ತೆ. ಇಲ್ಲದಿದ್ದರೆ ಮುಚ್ಚಿ, ನೀವು ಮನೆಗೆ ಹೋಗಬೇಕಾಗುತ್ತೆ."

ಮನ್ಯಾಗ ಅವ್ವ ಒಂದು ವರಾ ನೋಡಿ ಇಟ್ಟುಕೊಂಡು ಕುಂತಿದ್ಳು. ಆ ವರನ ಕಡೇರದು ಒಂದೇ ಮಾತು: ಸೊಸಿ ನೌಕ್ರಿ ಮಾಡಿದ್ರ ನಾಕ್ ಮಂದಿ ಏನಂತಾರ? ನಾ ಅವತ್ತೇ ಟ್ರಂಕ್ ಕಟ್ಟಿದೆ.

ಕೆಡದೇ ಕೆಟ್ಟ ಬಸ್ಸು

ಮೊದಲು ಭಾಲ್ಕಿಗಿ ಬಸ್ಸು, ಅಲ್ಲಿಂದ ಮುಂದ ಎತ್ತಿನ ಬಂಡಿ. ನಡು ದಾರ್ಯಾಗ ಒಂದು ಬೇವಿನ ಗಿಡದ ಕೆಳಗ ಡ್ರೈವರ್ ಬಸ್ಸು ನಿಲ್ಲಿಸಿ ಬಾವಿ ಕಡಿ ನೀರು ಕುಡೀಲಿಕ್ಕೆ ಹೋದ. ಗಂಡಸರೆಲ್ಲಾ ಕೈಕಾಲು ಜಾಡಿಸ್ಲಿಕ್ಕೆ ಇಳದ್ರು. ನಾ ಡ್ರೈವರನ ಹಿಂದಿನ ಸೀಟಿನಾಗೇ ಕುಂತಿದ್ದೆ, ಕಿಡಕ್ಯಾಗ ಮಾರಿ ಹಾಕಿ ನೋಡ್ಕೋತ.

ಧೋತರದ ಮುದುಕ ಒಬ್ಬ ಕಾಲಾಗಿನ ಮುಳ್ಳು ತೆಗೀಬೇಕಂತ ಬಸ್ಸಿನ ಬೆನ್ನಿಗಿ ಒಂದು ಕೈ ಊರಿ, ಒಂದೇ ಕಾಲ ಮ್ಯಾಲ ಬಗ್ಗಿ ನಿಂತ. ಅದನ್ನ ಇನ್ನೊಬ್ಬ ನೋಡಿದ. "ಅರೇ, ಅಜ್ಜ ಒಬ್ಬನೇ ನೂಕಲಿಕ್ಕತ್ಯಾನ!" ಅಂತ ತಾನೂ ಕೈ ಹಚ್ಚಿದ. ಅವರಿಬ್ಬರಿಗಿ ನೋಡಿ ಮತ್ತಿಬ್ಬರು ಬಂದ್ರು. ಬೀಡಿ ಸೇದವರು ಬೀಡಿ ಒಗದು ಬಂದ್ರು. "ಹೈಸಾ! ಹೈಸಾ!" ಬಸ್ಸು ಅಲ್ಲಾಡಿತು.

ನೀರು ಕುಡದು ಬಂದ ಡ್ರೈವರ್ ಇದನ್ನ ನೋಡಿದವನೇ ಓಡಿ ಬಂದು ಹತ್ತಿದ. ಸ್ಟೇರಿಂಗ್ ಗಟ್ಟಿ ಹಿಡದು, "ನೂಕ್ರೋ, ಇನ್ನೂ ಜೋರ!" ಅಂದ. ಗಾಡಿ ಸಾವಕಾಶ ಭಾಲ್ಕಿ ಕಡಿ ಹೊಂಟಿತು.

ನನಗ ತಡೀಲಿಲ್ಲ. "ಅಣ್ಣಾ, ಗಾಡಿಗಿ ಏನಾಗ್ಯದ?"

"ಕೆಟ್ಟದ ರೀ ಅಕ್ಕಾರ."

"ನಿನಗ ಹ್ಯಾಂಗ ಗೊತ್ತಾತು? ಚಾಲೂ ಮಾಡಿ ನೋಡಿದೇನು?"

ಅವ ನನ್ನ ಮಾರಿ ನೋಡಿದ, ಹುಚ್ಚಿಗಿ ನೋಡಿದಂಗ. "ಅಷ್ಟು ಮಂದಿ ನೂಕ್ಲಿಕ್ಕತ್ಯಾರ, ಕೆಡದೇ ಇರ್ತದೇನ್ರಿ?"

"ನನ್ನ ಸಲುವಾಗಿ ಒಮ್ಮಿ ಚಾಲೂ ಮಾಡಪ್ಪಾ."

ಮಾಡಿದ. ಬಸ್ಸು ಗುರ್ ಅಂತ ಚಾಲೂ ಆತು. ಡ್ರೈವರಗ ನಾಚಿಕಿ ಆಗಿರಬೇಕು ಅಂತ ನಾ ತಿಳದಿದ್ದೆ. ಅಷ್ಟರಾಗ ಹಿಂದಿನವರೆಲ್ಲಾ ಬೆವರು ಒರಸ್ಕೋತ ಹತ್ತಿ ಬಂದ್ರು. "ನೋಡಿದ್ರೇನು, ನಾವು ನೂಕಿದ್ದಕ್ಕೇ ಚಾಲೂ ಆತು!" ಅಂತ ಅಂದವ ಬ್ಯಾರೆ ಯಾರೂ ಅಲ್ಲ, ಆ ಮುದುಕ. ಅವನೂ ಅಷ್ಟು ದೂರ ನೂಕಿದ್ದ, ಮುಳ್ಳು ಇನ್ನೂ ಕಾಲಾಗೇ ಇತ್ತು.

ಸಿಕ್ಕೇಬಿಟ್ರು

ಠಾಣಾ ಕುಶನೂರದಾಗ ನನಗ ಒಂದು ಕೋಣಿ, ಒಂದು ಹಲಗಿ, ಒಂದು ಬೆಂಚು ಕೊಟ್ರು. ಹುಡಿಗೇರು ಮಾತ್ರ ಯಾರೂ ಬರಲಿಲ್ಲ. ದಿನಾ ಕಸಾ ಹೊಡದು, ಗಂಟಿ ಬಾರಿಸಿ, ಖಾಲಿ ಗ್ವಾಡಿಗಿ ನೋಡ್ಕೋತ ಕೂಡ್ತಿದ್ದೆ. ಒಂದೊಂದು ದಿನ ಖರೇನೇ ಅಳು ಬರ್ತಿತ್ತು. ಸಂಕ್ರಾಂತಿ ಹತ್ತಿರ ಬಂತು. ಆ ಕಡಿ 'ವರಾ ಕಾಯ್ಲಿಕ್ಕತ್ಯಾನ, ಬಾ' ಅಂತ ಅವ್ವನ ನಿರೋಪದ ಮ್ಯಾಲ ನಿರೋಪ. ಇನ್ನ ಕುಂತ್ರ ಆಗಂಗಿಲ್ಲ ಅಂತ ಮನಿ ಮನಿ ತಿರುಗಿದೆ.

ಮೊದಲು ಪಟವಾರಿ ಮನಿ. ಊರ ಹೊಲದ ಲೆಕ್ಕಪತ್ರ ಎಲ್ಲಾ ಇವರ ಕೈಯಾಗ. ಭಾಳ ಮರ್ಯಾದಿಂದ ಚಾ ಕೊಟ್ರು.

"ನನಗೇನೂ ಅಡ್ಡಿ ಇಲ್ರಿ ಟೀಚರಬಾಯಿ. ಸಾಲಿಗಿ ಹೋಗ್ತೇನಿ ಅಂತ ಮಗಳು ದಿನಾ ಜೀವಾ ತಿಂತಾಳ. ಆದ್ರ ಹುಡಿಗೀಗಿ ಕಳಿಸಿದ್ರ ನಾಕ್ ಮಂದಿ ಏನಂತಾರ?"

ನನ್ನ ಕಿವಿ ನೆಟ್ಟಗಾದ್ವು. ಅವ್ವ ಹೇಳದ ಹೆಸರು ಇಲ್ಲರ ಸಿಗಬಹುದು! "ಯಾರ್ರಿ ಅವರು? ಒಬ್ಬರ ಹೆಸರರ ಹೇಳ್ರಿ."

ಪಟವಾರಿ ತಲಿ ಕೆರಕೊಂಡ್ರು. "ಯಾರಂದ್ರ... ಈಗ ನೋಡ್ರಿ, ಕಿರಾಣಿ ದುಕಾನದ ಸಾವಕಾರರು. ಅವರು ಏನಂತಾರೋ ಏನೋ."

ಸಾವಕಾರರು ಡಾಬಕಾ ಊರಿಂದ ಬಂದು ಇಲ್ಲಿ ನಿಂತವರು, ಮನಿ ಮಾತು ಮರಾಠಿ. "ನನಗೇನ್ರಿ? ನಮ್ಮ ಪೋರಿ ಕಲತ್ರ ದುಕಾನದ ಹಿಸಾಬ ಬರೀತಾಳ, ಛಲೋನೇ ಆತು. ಆದ್ರ ಟೀಚರಬಾಯಿ, ಚಾರ್ ಲೋಕ್ ಕಾಯ್ ಮ್ಹಣತೀಲ?"

ಅಂದ್ರ ಮತ್ತ ಅವರೇ ನಾಕ್ ಮಂದಿ! "ಯಾರು?" ಅಂದೆ. ದರ್ಜಿ ಚಾಚಾನ ಕಡಿ ಕೈ ಮಾಡಿದ್ರು. ಊರ ಸುದ್ದಿ ಎಲ್ಲಾ ಅವನ ಮಷೀನಿನ ಮುಂದೇ ಕುಂತು ಹೋಗ್ತದಂತ.

ಚಾಚಾ ಮಷೀನ್ ನಿಲ್ಲಿಸಿ, ಕನ್ನಡಕ ಹಣಿಗಿ ಏರಿಸಿ ನಕ್ಕ. "ಬೇಟಿ, ನನ್ನ ಮಗಳಿಗಿ ಸಾಲಿಗಂತ ಹೊಸ ಕುರ್ತಾ ಹೊಲದು ಇಟ್ಟೇನಿ ನೋಡು. ಮಗರ್ ಚಾರ್ ಲೋಗಾಂ ಕ್ಯಾ ಬೋಲಿಂಗೇ?" ಅವನ ಅಂಜಿಕಿ ಪಟೇಲರದು. ಊರಿಗೇ ಹಿರಿಯರು ಅವರು.

ನನಗ ನಗಬೇಕೋ ಅಳಬೇಕೋ ತಿಳೀಲಿಲ್ಲ. ನಿಜಾಮರು ಹೋದ್ರು, ಹೈದರಾಬಾದ ಹೋತು, ಮೈಸೂರ ಬಂತು. ತಹಸೀಲದಾರರಿಂದ ಹಿಡದು ಜವಾನರ ತನಕ ಎಲ್ಲಾರಿಗೂ ಬದಲಿ ಆತು. ಈ ನಾಕ್ ಮಂದಿಗಿ ಮಾತ್ರ ಯಾವ ಸರಕಾರಕ್ಕೂ ಬದಲಿ ಮಾಡ್ಲಿಕ್ಕೆ ಆಗಿಲ್ಲ. ಕನ್ನಡ, ಮರಾಠಿ, ದಖನಿ, ಎಲ್ಲಾದ್ರಾಗೂ ಅಷ್ಟೇ ಮಂದಿ! ಬಸ್ಸಿನವರಿಗಿ ಗೊತ್ತಿಲ್ಲದ್ದಕ್ಕ ನೂಕಿದ್ರು ಅನ್ರಿ. ಇವರಿಗಿ ಎಲ್ಲಾ ಗೊತ್ತದ, ಗೊತ್ತಿದ್ದೂ ಸುಮ್ಮ ಕುಂತಾರ.

ಕೊನೀಗಿ ಪಟೇಲರ ಮನಿ. ತಕ್ಕಿ ದಿಂಬಿಗಿ ಒರಗಿ ಅಡಕಿ ಕತ್ತರಿಸಲಿಕ್ಕತ್ತಿದ್ರು. "ಮೊಮ್ಮಗಳಿಗಿ ಕಳಿಸಬೇಕಂತ ನನಗೂ ಅದ ತಂಗಿ. ಆದ್ರ ನಾಕ್ ಮಂದಿ..."

"ಅಜ್ಜಾ, ನೀವೂ ಅಂಜ್ತೀರೇನು? ಯಾರಿಗಿ?"

ಪಟೇಲರು ಆಕಡಿ ಈಕಡಿ ನೋಡಿ, ನನ್ನ ಕಿವ್ಯಾಗ ಅಂದ್ರು, "ಆ ಪಟವಾರಿಗಿ."

ಒಂದೇ ಬೆಂಚು

ಸಂಕ್ರಾಂತಿ ಮುಗೀತು, ನಾಳಿ ಸಾಹೇಬರು ಬರೋರು. ಇವತ್ತು ಮಧ್ಯಾಹ್ನ ನಾ ನಾಲ್ವರಿಗೂ ಸಾಲಿಗಿ ಚಾಕ್ಕ ಕರದೆ. ಒಬ್ಬರು ಬರೂದು ಒಬ್ಬರಿಗಿ ಹೇಳಲಿಲ್ಲ. ಬಂದು ಒಬ್ಬರ ಮಾರಿ ಒಬ್ಬರು ನೋಡಿ, ಹೊಳ್ಳಿ ಹೋಗ್ಲಿಕ್ಕೂ ಬರದೇ, ಇದ್ದೊಂದು ಬೆಂಚಿನ ಮ್ಯಾಲ ಒತ್ತಿ ಒತ್ತಿ ಕುಂತ್ರು. ಪಟೇಲರು ಯಾರದೋ ಮದುವಿ ಹೋಳಿಗಿ ಹೊಟ್ಟಿ ತುಂಬ ಹೊಡದು ಬಂದಿದ್ರು.

ನಾ ಸೆರಗು ಸೊಂಟಕ್ಕ ಸಿಗಿಸಿ ನಿಂತೆ. "ನೋಡ್ರಿಪಾ ಹಿರಿಯರೇ, ನಾ ಸಣ್ಣಾಕಿ ಇದ್ದಾಗಿಂದ ನಾಕ್ ಮಂದಿಗಿ ಹುಡುಕ್ಲಿಕ್ಕತ್ತೇನಿ. ಇವತ್ತು ಸಿಕ್ಕೀರಿ. ಒಂದು, ಎರಡು, ಮೂರು, ನಾಕು. ಬರೋಬ್ಬರಿ ಅದ. ಈಗ ಹೇಳ್ರಿ, ಹುಡಿಗೇರು ಸಾಲಿಗಿ ಬಂದ್ರ ನೀವು ಏನಂತೀರಿ?"

ಪಟವಾರಿ ಸಾವಕಾರರ ಕಡಿ ನೋಡಿದ್ರು. ಸಾವಕಾರರು ಚಾಚಾನ ಕಡಿ ನೋಡಿದ್ರು. ಚಾಚಾ ಪಟೇಲರ ಕಡಿ ನೋಡಿದ. ಬಶ್ಯಾಗಿನ ಚಾ ಆರಿ ತಣ್ಣಗಾತು. ಇವರು ಹಿಂಗೇ ಎದ್ದು ಹೋದ್ರ ನಾಳಿ ನನ್ನ ಟ್ರಂಕು ಬೀದರಕ್ಕ, ಆ ವರನ ಮನಿಗಿ.

ಅಷ್ಟರಾಗ ಪಟೇಲರ ತಲಿ ಸಾವಕಾಶ ಕೆಳಗ ಬಂತು, ಮ್ಯಾಲ ಹೋತು. ಮತ್ತ ಕೆಳಗ ಬಂತು. ಗಂಟಲದಾಗಿಂದ "ಹೂಂ... ಹೂಂ..." ಅಂತ ಸಪ್ಪಳ ಬಂತು. ಹೋಳಿಗಿ ನಿದ್ದಿ ರೀ ಅದು! ನಾ ಎದುರಿಗೇ ನಿಂತಿದ್ದೆ, ಕಣ್ಣು ಮುಚ್ಚಿದ್ದು ನನಗ ಕಾಣಸ್ತಿತ್ತು. ಸಾಲಾಗಿ ಕುಂತವರಿಗಿ ತಲಿ ಅಲ್ಲಾಡಿಸಿದ್ದು ಅಷ್ಟೇ ಕಂಡದ.

ಚಾಚಾ ಜಿಗದು ಎದ್ದ. "ಅರೇ, ಪಟೇಲ ಸಾಬ್ ಹೌ ಬೋಲೇ! ನಂದೂ ಹೌ!"

"ಹೋ ಹೋ, ನಾನೂ ಅದೇ ಅನಬೇಕಂತಿದ್ದೆ," ಅಂದ್ರು ಸಾವಕಾರರು.

"ನಾ ಅಂತೂ ಮೊದಲಿಂದ ಹೂಂ ಅಂತೇ ಇದ್ದೇನಿ," ಅಂದ್ರು ಪಟವಾರಿ.

ಈ ಗದ್ದಲಕ್ಕ ಪಟೇಲರು ದಡಕ್ಕನ ಎಚ್ಚರಾದ್ರು. "ಏನಾತು? ಏನಾತು?"

ಪಟವಾರಿ ಹೇಳಿದ್ರು, "ಹುಡಿಗೇರಿಗಿ ಸಾಲಿಗಿ ಕಳಸೂದಕ್ಕ ಎಲ್ಲಾರೂ ಹೂಂ ಅಂದೇವ್ರಿ ಪಟೇಲರೇ."

ಪಟೇಲರು ಕಣ್ಣು ಒರಸ್ಕೊಂಡು ಮೂವರ ಮಾರೀನೂ ಪಾಳಿ ಪಾಳಿ ನೋಡಿದ್ರು. ಆಮ್ಯಾಲ ರುಮಾಲು ಸರಿ ಮಾಡ್ಕೊಂಡು ಎದ್ದು ನಿಂತು ಅಂದ್ರು:

"ಹಂಗಾರ ಮುಂಜಾನಿ ನನ್ನ ಮೊಮ್ಮಗಳಿಗೂ ತಲಿ ಬಾಚಿ ಕಳಿಸ್ತೇನಿ. ಇಷ್ಟು ಮಂದಿ ಹೂಂ ಅಂದ ಮ್ಯಾಲ ನಾ ಒಬ್ಬನೇ ಬ್ಯಾಡ ಅಂದ್ರ, ನಾಕ್ ಮಂದಿ ಏನಂತಾರ?"